ಮೂರನೇ ನೀರು

ಗೋಕಾಕದ ಡಾಕ್ಟರು ಕೋಳಿಯ ಹೆಸರೆತ್ತಿದಾಗ ನಾನು ಅವರ ಮೇಲೆ ರೇಗಿದೆ. ರೇಗುವುದು ನನ್ನ ಹುಟ್ಟುಗುಣ. ಬೆಲ್ಲದ ಬಾಗೇವಾಡಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು ನಾನು. ಗಿರಾಕಿಗಳು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ, ಇವತ್ತು ಕೇಳುವುದೋ ನಾಳೆ ಬರುವುದೋ ಎಂದು ತೀರ್ಮಾನಿಸುತ್ತಾರೆ. ಆದರೆ ಅವತ್ತು ಬಂದದ್ದು ಆ ಸಿಟ್ಟಲ್ಲ. ಹೆದರಿಕೆಗೆ ಬೇರೆ ದಾರಿ ಸಿಗದೆ ಅದು ಸಿಟ್ಟಾಗಿ ಹೊರಗೆ ಬಂದಿತ್ತು.

"ನಾವು ಲಿಂಗಾಯತ್ರು ಅದೇವ್ರಿ. ತತ್ತಿ ಸೈತ ನಮ್ಮ ಹೊಸ್ತಿಲಾ ದಾಟಿಲ್ಲ. ನೀವು ನೋಡಿದ್ರ ಕೋಳಿ ಎಲುಬ ಕುದಿಸಿ ಕೊಡ್ರಿ ಅಂತೀರಿ," ಎಂದೆ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ನಿಮ್ಮಾವನ ಅದೇನ್ರಿ. ನಿಮ್ಮ ಮನಿಯವ್ರ ಗಾಯಕ್ಕ ಅದು ಗೊತ್ತಿಲ್ಲ. ಪ್ರೋಟೀನ್ ಪುಡಿ ಕೊಟ್ರ ವಾಂತಿ, ಹಾಲ ಕೊಟ್ರ ಭೇದಿ, ಬ್ಯಾಳಿ ಕೊಟ್ರ ಹೊಟ್ಟಿ ಉಬ್ಬತೈತಿ. ಮತ್ತೇನ ಕೊಡೂಣು ನೀವ ಹೇಳ್ರಿ. ತೆಳ್ಳಗಿನ ರಸ ಒಳಗ ನಿಂತೀತು. ಹದಿನೈದಿಪ್ಪತ್ತ ದಿನದಾಗ ಸ್ವಲ್ಪ ಕಸುವು ಬಂದ್ರ ಎರಡನೇ ಆಪರೇಷನ್ ಮಾಡ್ತೇನಿ. ಬರಲಿಲ್ಲಂದ್ರ ನಾ ಕೈ ಹಚ್ಚೂದಿಲ್ಲ. ಹಚ್ಚಿದ್ರ ಟೇಬಲ್ ಮ್ಯಾಲಿಂದ ಇಳಿಯೂದಿಲ್ಲ ಅವ್ರು."

ನಾನು ಎದ್ದು ವಾರ್ಡಿನ ಕಡೆ ನಡೆದೆ.

ನನ್ನ ಹೆಂಡತಿಗೆ ಹೊಟ್ಟೆನೋವು ಶುರುವಾದದ್ದು ತವರುಮನೆಯಲ್ಲಿ, ಮಸಗುಪ್ಪಿಯಲ್ಲಿ. ಅಕ್ಕನ ಮಗಳ ಮದುವೆಗೆಂದು ಹೋಗಿದ್ದಳು. ಅಲ್ಲಿಂದ ಮೂಡಲಗಿಗೆ ಕರೆತಂದು ತೋರಿಸಿದರು. ಅಲ್ಲಿಯವರು ಹೊಟ್ಟೆ ಮುಟ್ಟಿ ನೋಡಿದ್ದೇ ಗೋಕಾಕಕ್ಕೆ ಕಳಿಸಿದರು. ಕರುಳು ತೂತಾಗಿತ್ತು. ಒಂದು ತುಂಡು ಕತ್ತರಿಸಿ ತೆಗೆದರು, ಉಳಿದ ಕೆಲಸ ಆಮೇಲೆ ಎಂದರು. ತಿಂಗಳಾದರೂ ಹೊಟ್ಟೆಯ ಮೇಲಿನ ಗಾಯ ಕೂಡಿರಲಿಲ್ಲ. ಅವಳ ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾನು, ಅವಳು, ನನ್ನ ತಾಯಿ ಮೂವರೇ. ಇಪ್ಪತ್ತೆರಡು ವರ್ಷ ನನ್ನ ಸಿಟ್ಟನ್ನು ನಗುತ್ತಲೇ ಸಹಿಸಿಕೊಂಡವಳು ಅವಳು. "ನಿಮ್ಮ ಸಿಟ್ಟ ಹಾಲಿನ ಉಕ್ಕ ಇದ್ದಂಗ ಐತ್ರಿ, ಒಲಿ ಆರಿಸಿದ್ರ ಇಳೀತೈತಿ," ಎನ್ನುತ್ತಿದ್ದಳು. ಅವಳಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ನನ್ನಿಂದ ಆಗುತ್ತಿರಲಿಲ್ಲ.

ಅವಳಿಗೆ ಹೇಳಿದೆ. "ನಿಮಗ ನಾ ಬೇಕೇನ್ರಿ?" ಎಂದು ಕೇಳಿದಳು. ಇದೆಂಥ ಪ್ರಶ್ನೆ ಎಂದು ನಾನು ಗದರಿದೆ, ಗದರುತ್ತಲೇ ಅತ್ತೆ. "ಹಂಗಾರ ತರ್ರಿ. ಅಕ್ಕಗ ಗೊತ್ತಾಗಬಾರದು. ಅತ್ತಿಯವ್ರಿಗಂತೂ ಆಗಾಕ ಬಾರದು. ಏನ ತಂದೀರಿ ಅಂತ ನನಗೂ ಹೇಳಬ್ಯಾಡ್ರಿ, ಸುಮ್ಮನ ಬಾಯಿಗಿ ಹಿಡೀರಿ," ಎಂದಳು. ಅಕ್ಕ ಎಂದರೆ ಮಸಗುಪ್ಪಿಯಿಂದ ಬಂದು ಆಸ್ಪತ್ರೆಯಲ್ಲಿ ಅವಳ ಜತೆಗಿದ್ದವಳು.

ಮೊದಲ ದಿನ ಕೋಳಿ ತರಲು ಹುಕ್ಕೇರಿಗೆ ಹೋದೆ. ನಮ್ಮೂರಲ್ಲಿ ತಂದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತಿತ್ತು. ಹೆಲ್ಮೆಟ್ ತೆಗೆಯದೆ, ಕಳ್ಳನ ಹಾಗೆ ಅಂಗಡಿಯ ಮುಂದೆ ನಿಂತೆ. ಪಕ್ಕದಲ್ಲಿ ಇನ್ನೊಬ್ಬ ಹೆಲ್ಮೆಟ್ಟಿನವನು ನಿಂತಿದ್ದ. ಅವನು ಮಾತಾಡಿದ ಕೂಡಲೇ ದನಿಯ ಗುರುತು ಸಿಕ್ಕಿತು. ನನ್ನ ಕಾಕಾನ ಮಗ! ಕೊರಳಲ್ಲಿ ಲಿಂಗ, ವರ್ಷಕ್ಕೊಮ್ಮೆ ಮಠದಲ್ಲಿ ದಾಸೋಹ. ಅವನಿಗೂ ನನ್ನ ಗುರುತು ಹತ್ತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತೆವು.

"ನಾಯಿಗಿ ಒಯ್ಯಾಕ ಬಂದಿದ್ನಿ," ಎಂದ ಅವನು.

"ನಾನೂ ನಾಯಿಗೇ," ಎಂದೆ.

ಅವನ ಮನೆಯಲ್ಲಿ ನಾಯಿ ಇಲ್ಲ ಎಂಬುದು ನನಗೆ ಗೊತ್ತು, ನನ್ನ ಮನೆಯಲ್ಲಿ ಇಲ್ಲ ಎಂಬುದು ಅವನಿಗೆ ಗೊತ್ತು. ಬೇರೆ ದಿನವಾಗಿದ್ದರೆ ಹೆಂಡತಿಗೆ ಹೇಳಿ ಹೊಟ್ಟೆ ಹುಣ್ಣಾಗುವ ಹಾಗೆ ನಗಿಸುತ್ತಿದ್ದೆ. ಮರುದಿನದಿಂದ ಘಟಪ್ರಭಾದಲ್ಲಿ ಕೊಳ್ಳತೊಡಗಿದೆ. ಗೋಕಾಕದ ದಾರಿಯೂ ಅದೇ.

ಅಡುಗೆ ಮಾಡಲು ಜಾಗವೆಂದರೆ ಹೊಲದ ಪಂಪಿನ ಖೋಲಿ. ತಾಯಿಗೆ, ಕಬ್ಬಿಗೆ ನೀರು ಬಿಡಬೇಕು ಎಂದು ಹೇಳಿ ಬೆಳಿಗ್ಗೆ ಹೊರಡುತ್ತಿದ್ದೆ. ಹೊಸ ಅಲ್ಯೂಮಿನಿಯಂ ಪಾತೇಲಿ, ಹೊಸ ಸೌಟು, ಹೊಸ ಥರ್ಮಾಸ್ ತಂದಿಟ್ಟಿದ್ದೆ. ಮೂರು ಕಲ್ಲಿಟ್ಟು, ಕಬ್ಬಿನ ಒಣಗರಿಯಿಂದ, ರವದಿಯಿಂದ ಉರಿ ಹಚ್ಚುತ್ತಿದ್ದೆ. ಮೂಗಿಗೆ ಬಾಯಿಗೆ ಟವೆಲ್ ಬಿಗಿದುಕೊಳ್ಳುತ್ತಿದ್ದೆ. ಕೊರಳಿನ ಲಿಂಗವನ್ನು ಮಾತ್ರ ತೆಗೆಯಲಿಲ್ಲ. ನಾನೇನು ತಿನ್ನುವವನಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದೆ.

ಮಾಡುವುದು ಹೇಗೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಯಾವುದೋ ಹೆಂಗಸು ಹಿಂದಿಯಲ್ಲಿ ಹೇಳುತ್ತಿದ್ದಳು. ಒಂದು ಕುದಿ ಬಂದ ಮೇಲೆ ಮೊದಲ ನೀರು ಚೆಲ್ಲಿರಿ, ಹೊಲಸೆಲ್ಲ ಹೋಗುತ್ತದೆ ಎಂದಳು. ಆ ಮಾತು ನನ್ನ ಮನಸ್ಸಿಗೆ ಸರಿಯಾಗಿ ಕೂತಿತು. ಮುಂದೆ ಅವಳೇನು ಹೇಳಿದಳೋ, ಆ ಮಾಂಸವನ್ನು ಪರದೆಯ ಮೇಲೆ ನೋಡಲಾಗದೆ ನಾನು ಮೊಬೈಲ್ ಮುಚ್ಚಿದ್ದೆ.

ಪಾತೇಲಿಯಲ್ಲಿ ಬೂದಿ ಬಣ್ಣದ ನೊರೆ ಬಂತು. ಚೆಲ್ಲಿದೆ. ಮತ್ತೆ ನೀರು ಹಾಕಿ ಒಂದು ತಾಸು ಕುದಿಸಿದೆ. ಈ ಸಲ ನೀರು ಹಳದಿಯಾಯಿತು, ಮೇಲೆ ಕೊಬ್ಬಿನ ಹನಿಗಳು ತೇಲಿದವು, ವಾಸನೆ ಟವೆಲ್ ದಾಟಿ ಮೂಗಿಗೆ ಹತ್ತಿತು. ಇನ್ನೂ ಹೊಲಸು ಹೋಗಿಲ್ಲ ಎಂದುಕೊಂಡೆ. ನಮ್ಮ ಮನೆಯಲ್ಲಿ ಅಕ್ಕಿಯಿರಲಿ, ಬೇಳೆಯಿರಲಿ, ನೀರು ತಿಳಿಯಾಗುವವರೆಗೆ ಮೂರು ಸಲ ತೊಳೆಯಬೇಕು. ನನ್ನ ತಾಯಿ ಸೊಸೆಗೆ ಕಲಿಸಿದ ಮೊದಲ ಪಾಠವೇ ಅದು. ಆ ಹಳದಿ ನೀರನ್ನೂ ಚೆಲ್ಲಿದೆ. ಮೂರನೇ ಸಲ ನೀರು ಹಾಕಿ, ಶುಂಠಿ, ಬೆಳ್ಳುಳ್ಳಿ, ಮೆಣಸು ಜಜ್ಜಿ ಹಾಕಿ, ಅಂದಾಜಿನ ಮೇಲೆ ಉಪ್ಪು ಹಾಕಿ ಅರ್ಧ ತಾಸು ಕುದಿಸಿದೆ. ಬಿಳಿ ಅರಿವೆಯಲ್ಲಿ ಸೋಸಿದರೆ ತಿಳಿನೀರು ಇಳಿಯಿತು. ಮಾಂಸ ಎಂಬುದರ ಸುಳಿವೇ ಇರಲಿಲ್ಲ. ಎಷ್ಟು ಶುದ್ಧ ಮಾಡಿದೆ ಎಂದು ನನಗೆ ಹೆಮ್ಮೆ ಅನ್ನಿಸಿತು.

ಪಂಪಿನ ಪೈಪಿನ ಕೆಳಗೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಗೋಕಾಕಕ್ಕೆ ಹೊರಟೆ. ಮಧ್ಯಾಹ್ನ ಅವಳ ಅಕ್ಕ ಊಟಕ್ಕೆಂದು ಕೆಳಗೆ ಇಳಿದಾಗ ಥರ್ಮಾಸ್ ತೆರೆದೆ. ಹೆಂಡತಿ ಕೈಯಿಂದ ತಡೆದಳು. ಕೊರಳಿನ ಲಿಂಗವನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. "ಇದು ಮೈಮ್ಯಾಲ ಇದ್ದಾಗ ನಾ ಕುಡಿಯಾಂಗಿಲ್ರಿ. ನೀವು ಹಿಡಕೊಂಡ ಆಕಡೆ ಮಾರಿ ಮಾಡ್ರಿ." ಎಂಟನೇ ವಯಸ್ಸಿನಲ್ಲಿ ಕೊರಳಿಗೆ ಬಂದ ಲಿಂಗ ಅದು. ಪೂಜೆಗೆ ಅಂಗೈಗೆ ಬರುತ್ತಿತ್ತು, ಮತ್ತೆ ಕೊರಳಿಗೆ ಹೋಗುತ್ತಿತ್ತು. ಆಪರೇಷನ್ ದಿನವೂ ನರ್ಸ್ ಜತೆ ಜಗಳಾಡಿ ರಟ್ಟೆಗೆ ಕಟ್ಟಿಸಿಕೊಂಡಿದ್ದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅಂಗೈಯಲ್ಲಿದ್ದ ಲಿಂಗ ಇನ್ನೂ ಅವಳ ಮೈಯ ಬಿಸಿ ಹಿಡಿದುಕೊಂಡಿತ್ತು. ಹಿಂದೆ ಗುಟುಕರಿಸುವ ಸದ್ದು, ಮೂರು ಸಲ ಬಾಯಿ ಮುಕ್ಕಳಿಸುವ ಸದ್ದು ಕೇಳಿತು. ತಿರುಗಿದಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

"ಏನೂ ವಾಸನಿ ಇಲ್ರಿ. ನಾ ಬಾಳ ಅಂಜಿದ್ನಿ," ಎಂದಳು.

"ಮೂರ ಸಲ ಸ್ವಚ್ಛ ಮಾಡೇನಿ," ಎಂದೆ. ವಾಂತಿ ಆಗಲಿಲ್ಲ. ಹೊಟ್ಟೆ ಉಬ್ಬಲಿಲ್ಲ. ದೇವರೇ, ನಿಂತಿತು ಎಂದು ನಾನು ವರಾಂಡದಲ್ಲಿ ಗೋಡೆಗೊರಗಿ ಕುಳಿತುಬಿಟ್ಟೆ.

ಹನ್ನೆರಡು ದಿನ ಇದೇ ನಡೆಯಿತು. ಅಂಗಡಿಗೆ ಬೀಗ. ಬೆಳಿಗ್ಗೆ ಘಟಪ್ರಭಾ, ಅಲ್ಲಿಂದ ಹೊಲ, ಹೊಲದಿಂದ ಗೋಕಾಕ. ದಿನವೂ ಅವಳು ಲಿಂಗ ಬಿಚ್ಚಿ ಕೊಡುವುದು, ನಾನು ಕಿಟಕಿ ನೋಡುವುದು, ಅವಳು ಅಳುವುದು. ಒಂದೇ ಒಂದು ದಿನವೂ ವಾಂತಿ ಆಗಲಿಲ್ಲ. ಆದರೆ ಗಾಯ ಹಾಗೇ ಇತ್ತು. ಎಂಟನೇ ದಿನ ಡಾಕ್ಟರು ರಕ್ತ ತೆಗೆಸಿ ನೋಡಿ ಹುಬ್ಬು ಗಂಟಿಕ್ಕಿದರು. "ಖರೇನ ಕೊಡಾಕತ್ತೀರೇನ್ರಿ?" ಎಂದು ಕೇಳಿದರು. ನಾನು ಮತ್ತೆ ರೇಗಿದೆ. ನಿಮ್ಮ ಮಾತು ಕೇಳಿ ಜಾತಿ ಕೆಟ್ಟೆವು, ಈಗ ಸುಳ್ಳು ಎನ್ನುತ್ತೀರಾ ಎಂದು ಅವಳ ಅಕ್ಕ ಕೆಳಗೆ ಹೋಗಿದ್ದಾಳೆ ಎಂಬ ಧೈರ್ಯದಲ್ಲಿ ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿದೆ. ಹೆಂಡತಿಯ ಕೆನ್ನೆಯ ಎಲುಬು ದಿನದಿನಕ್ಕೆ ಮೇಲೆ ಬರುತ್ತಿತ್ತು. ಹತ್ತನೇ ದಿನದಿಂದ ಬಟ್ಟಲು ಹಿಡಿಯಲೂ ಆಗದೆ, ಲಿಂಗದ ಗಂಟನ್ನು ನಾನೇ ಬಿಚ್ಚಬೇಕಾಯಿತು. ದಿನಗಳು ಮುಗಿಯುತ್ತಿದ್ದವು. ನಾನು ಇನ್ನೊಂದು ಕೋಳಿ ಹೆಚ್ಚು ತಂದೆ, ಇನ್ನಷ್ಟು ಚೆನ್ನಾಗಿ ತೊಳೆದೆ.

ಹದಿಮೂರನೇ ದಿನ ಬಾಜೂ ಹೊಲದ ಅವ್ವ ನೀರು ಕುಡಿಯಲು ಪಂಪಿಗೆ ಬಂದಳು. ಅವರ ಮನೆತನ ಮಾಂಸ ಉಣ್ಣುವ ಒಕ್ಕಲುಮನೆತನ. ನನಗಿಂತ ಹತ್ತು ವರ್ಷ ಹಿರಿಯಳು, ಮಾತು ನೇರ. ನಾನು ಆಗಷ್ಟೇ ಎರಡನೇ ನೀರನ್ನು, ದನಕ್ಕೆ ನೀರಿಡುತ್ತಿದ್ದ ಹಳೆಯ ಕಲ್ಲಿನ ದೋಣಿಗೆ ಸುರಿಯುತ್ತಿದ್ದೆ. ಪಂಪಿನ ಹತ್ತಿರ ಬಿದ್ದಿರುತ್ತಿದ್ದ ಬಿಡಾಡಿ ನಾಯಿ ದಿನದಂತೆ ಅದನ್ನು ಲೊಚಲೊಚ ಕುಡಿಯುತ್ತಿತ್ತು. ಅವಳು ನಾಯಿಯನ್ನೇ ನೋಡಿದಳು.

"ಇದ ಆ ಹುರಕ ಹತ್ತಿದ್ದ ನಾಯಿ ಏನ್ರಿ? ಎಲುಬ ಎಣಿಸಾಕ ಬರ್ತಿದ್ದು. ಈಗ ನೋಡ್ರಿ, ಹೆಂಗ ಮಿಂಚಾಕತ್ತೈತಿ!" ಎಂದಳು. ಆಮೇಲೆ ಪಾತೇಲಿ ನೋಡಿದಳು, ನನ್ನ ಮುಖದ ಟವೆಲ್ ನೋಡಿದಳು. ನಾನು ಮುಚ್ಚಿಡುವ ಸ್ಥಿತಿಯಲ್ಲಿರಲಿಲ್ಲ. ಎಲ್ಲ ಹೇಳಿದೆ. ಮೂರು ನೀರಿನ ಮಾತು ಬಂದಾಗ ಅವಳಿಗೆ ತಡೆಯಲಾರದೆ ನಗು ಬಂತು. ನನ್ನ ಮುಖ ನೋಡಿ ಆ ನಗು ಅರ್ಧಕ್ಕೇ ನಿಂತಿತು.

"ಯಪ್ಪಾ, ರಸಾ ಎಲ್ಲಾ ನಾಯಿಗಿ ಹಾಕಿ, ಎಲುಬ ತೊಳದ ನೀರ ನಿಮ್ಮ ಮನಿಯವ್ರಿಗಿ ಒಯ್ಯಾಕತ್ತೀರಿ?"

ನನಗೆ ತಿಳಿಯಲಿಲ್ಲ. ಹೊಲಸು ಹೋಗಬೇಕಲ್ಲ ಎಂದೆ.

"ಹೊಲಸ ಮೊದಲನೇ ನೊರಿಯಾಗ ಹೋಗತೈತ್ರಿ. ಹೋಳಿಗಿ ಮಾಡಿದ ದಿನಾ ಬ್ಯಾಳಿ ಕಟ್ಟ ಬಸದು ಚೆಲ್ತೀರೇನ ನಿಮ್ಮ ಮನ್ಯಾಗ? ಅದರದ ಸಾರ ಮಾಡ್ತೀರಿಲ್ಲ? ಇದೂ ಹಂಗ. ಕಟ್ಟಿನಾಗ ಎಲ್ಲಾ ಇರತೈತಿ." ಸ್ವಲ್ಪ ತಡೆದು ಕೇಳಿದಳು, "ಇಷ್ಟ ದಿನಾ ಕುದಿಸೀರಿ, ಒಂದ ಹನಿ ನಾಲಿಗಿ ಮ್ಯಾಲ ಹಾಕ್ಕೊಂಡ ನೋಡಿಲ್ಲೇನ್ರಿ? ನೋಡಿದ್ರ ಗೊತ್ತಾಗತಿತ್ತಲ್ಲ ಬರೇ ನೀರ ಅಂತ."

ಹೋಳಿಗೆಯ ಕಟ್ಟಿನ ಮಾತು ಹೇಳಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ನಾಯಿ ಬಾಯಿ ನೆಕ್ಕಿಕೊಳ್ಳುತ್ತ ನನ್ನ ಕಾಲ ಹತ್ತಿರ ಬಂದು ಕುಳಿತಿತು. ನಾನು ಅದನ್ನು ಒದೆಯಲು ಹೋಗಿ ನಾನೇ ಬಿದ್ದೆ. ಬಿದ್ದಲ್ಲೇ ತಲೆ ಚಚ್ಚಿಕೊಂಡೆ. ಹನ್ನೆರಡು ದಿನ. ಡಾಕ್ಟರು ಕೊಟ್ಟ ದಿನಗಳಲ್ಲಿ ಹನ್ನೆರಡು ದಿನವನ್ನು ನಾನು ನನ್ನ ಕೈಯಾರೆ ನಾಯಿಗೆ ಸುರಿದಿದ್ದೆ.

"ಏಳ್ರಿ, ಅಳಾಕ ಆಮ್ಯಾಲ ಬರತೈತಿ," ಎಂದು ಆ ಅವ್ವ ಸೀರೆ ಎತ್ತಿ ಕಟ್ಟಿದಳು. ನಾನು ಹೆಚ್ಚಿಗೆ ತಂದಿದ್ದ ಕೋಳಿಯನ್ನು ತೊಳೆದು, ಎಲುಬುಗಳನ್ನು ಕಲ್ಲಿನಿಂದ ಜಜ್ಜಿ ಪಾತೇಲಿಗೆ ಹಾಕಿದಳು. ನೊರೆ ಬಂದಾಗ ಸೌಟಿನಿಂದ ಅದನ್ನಷ್ಟೇ ತೆಗೆದಳು. ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ, ಎರಡು ತಾಸು ಅಲ್ಲಾಡದೆ ಕೂತಳು. ಕಳೆ ತೆಗೆಯುವ ತನ್ನ ಕೆಲಸ ಬಿಟ್ಟು ಕೂತಳು. ಕೊನೆಗೆ ಪಾತೇಲಿಯಲ್ಲಿ ಅರ್ಧಕ್ಕಿಂತ ಕಡಿಮೆ ಉಳಿಯಿತು. ಬಣ್ಣ ಬೆಲ್ಲದ ನೀರಿನಷ್ಟು ಗಾಢ, ವಾಸನೆ ಕಬ್ಬಿನ ಸಾಲಿನ ಒಳಗಿನವರೆಗೂ ಹೋಗಿತ್ತು. ಸೌಟಿನಲ್ಲಿ ಸ್ವಲ್ಪ ತೆಗೆದು ನನ್ನ ಕಡೆ ಹಿಡಿದಳು. "ಉಪ್ಪ ನೋಡ್ರಿ." ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ತಾನೇ ನೋಡಿದಳು.

ಅವತ್ತು ಗಾಡಿಯನ್ನು ಹೇಗೆ ಓಡಿಸಿದೆನೋ ನೆನಪಿಲ್ಲ. ಎರಡೂವರೆಗೆ ವಾರ್ಡು ಮುಟ್ಟಿದೆ. ಅವಳ ಅಕ್ಕ ಕೆಳಗೆ ಹೋಗಿದ್ದಳು. ಥರ್ಮಾಸಿನ ಮುಚ್ಚಳ ತಿರುಗಿಸಿದ್ದೇ ವಾಸನೆ ಹಾಸಿಗೆಯ ಸುತ್ತ ಹರಡಿತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇವತ್ತ ಬ್ಯಾರೆ ಐತಿ. ನನಗ ಇದಾಗೂದಿಲ್ರಿ. ದಿನಾ ತರತೀರಲ್ಲ, ಅದನ್ನ ತರ್ರಿ."

"ಇದನ್ನ ಕುಡೀಬೇಕ."

"ದಿನಾ ತರೂದು ಛಲೋ ಇತ್ತಲ್ರಿ. ಅದಕ್ಕೇನಾಗೈತಿ?"

ಇಲ್ಲಿ ನಾನು ಒಂದು ಸುಳ್ಳು ಹೇಳಬೇಕಿತ್ತು. ಮಸಾಲೆ ಬೇರೆ ಹಾಕಿದ್ದೇನೆ ಎಂದಿದ್ದರೆ ಸಾಕಿತ್ತು. ಹನ್ನೆರಡು ದಿನ ಮನೆಯಲ್ಲಿ, ಅಂಗಡಿಯ ಮುಂದೆ, ಅವಳ ಅಕ್ಕನ ಎದುರು ಸುಳ್ಳು ಹೇಳಿದವನಿಗೆ ಆ ಒಂದು ಸುಳ್ಳು ಹೊಳೆಯಲಿಲ್ಲ. ಎದೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ ನನಗೆ. ಅವಳು ಬೈಯಲಿ, ಹೊಡೆಯಲಿ, ಆಮೇಲೆ ಎಂದಿನಂತೆ ಸಮಾಧಾನ ಮಾಡಲಿ ಎಂದು ಹಂಬಲಿಸಿದೆ. ಹಾಸಿಗೆಯ ಪಕ್ಕದಲ್ಲಿ ಕೆಳಗೆ ಕುಳಿತು ಹೇಳಿಬಿಟ್ಟೆ. ಮೂರು ನೀರು, ನಾಯಿ, ಆ ಅವ್ವ ಎಲ್ಲ. "ನೀ ಇಷ್ಟ ದಿನಾ ಕುಡದದ್ದ ಬರೇ ನೀರ. ನಾ ಕೆಡಿಸಿದ್ನಿ. ನಿನ್ನ ನಾ ಕೆಡಿಸಿದ್ನಿ."

ಅವಳು ಬೈಯಲಿಲ್ಲ. ಬಹಳ ನಿಧಾನ ಕೇಳಿದಳು, "ಹಂಗಾರ ನಾ ಇನ್ನೂ ಏನೂ ತಿಂದಂಗಿಲ್ಲೇನ್ರಿ?"

ನಾನು ಮುಖ ಎತ್ತಿದೆ. ಅವಳ ಕೈ ಕೊರಳಿನ ಲಿಂಗಕ್ಕೆ ಹೋಗಿತ್ತು. ತಿಂಗಳಿಂದ ನೋಡದಿದ್ದ ನಗು ಮುಖದ ಮೇಲಿತ್ತು. ಆ ನಗು ನೋಡಿ ನನಗೆ ಜೀವ ಹೋದ ಹಾಗಾಯಿತು. ಅವಳು ಗೆದ್ದವಳಂತೆ ಕಾಣುತ್ತಿದ್ದಳು. ಗೆದ್ದವಳು ಮತ್ತೆ ಯಾಕೆ ಕುಡಿದಾಳು?

"ಹುಚ್ಚಿ ಆಗಬ್ಯಾಡ," ಎಂದು ರೇಗಿದೆ. ಬೇಡಿಕೊಂಡೆ. ಮತ್ತೆ ರೇಗಿದೆ. ಅವಳ ಪಾದ ಹಿಡಿದೆ. ಇನ್ನೂ ಐದಾರು ದಿನ ಇವೆ, ಇದನ್ನು ಕುಡಿದರೆ ಕಸುವು ಬರುತ್ತದೆ, ಡಾಕ್ಟರು ಆಪರೇಷನ್ ಮಾಡುತ್ತಾರೆ, ನಾವು ಮನೆಗೆ ಹೋಗೋಣ ಎಂದೆ. ನೀನಿಲ್ಲದೆ ನನಗೆ ಬದುಕಲು ಬರುವುದಿಲ್ಲ ಎಂದೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು.

"ನೀವು ಇದನ್ನ ಕುಡದೀರೇನ್ರಿ?"

"ಇಲ್ಲ."

"ಒಂದ ಹನೀನೂ?"

"ಇಲ್ಲ."

ಅವಳು ಯೋಚಿಸಿದಳು. ಆಮೇಲೆ, "ಒಂದ ಗುಟುಕ ನೀವು ಮೊದಲ ಕುಡೀರಿ. ಇಬ್ಬರೂ ಕೂಡೇ ಕೆಡೂಣು. ನೀವು ಕುಡದ್ರ ನಾನೂ ಕುಡೀತೇನಿ," ಎಂದಳು. ನನ್ನನ್ನು ಪರೀಕ್ಷೆ ಮಾಡಲು ಹೇಳಿದ ಮಾತಲ್ಲ ಅದು. ಅವಳು ಒಪ್ಪಿಕೊಂಡಿದ್ದಳು. ಜತೆಗೆ ಒಬ್ಬರು ಬೇಕಿತ್ತು, ಅಷ್ಟೇ. ನಾನೇ ಬಟ್ಟಲಿಗೆ ಸುರಿದೆ. ಎರಡೂ ಕೈಯಲ್ಲಿ ಹಿಡಿದೆ.

ಕೊಬ್ಬಿನ ಹನಿಗಳು ಮೇಲೆ ಸುತ್ತುತ್ತಿದ್ದವು. ನನ್ನ ತಾಯಿ ನೆನಪಾದಳು. ಕೊರಳಿನ ಲಿಂಗ ಎದೆಗೆ ತಾಗಿ ಇದ್ದದ್ದು ಗೊತ್ತಾಯಿತು. ಬಟ್ಟಲು ತುಟಿಯವರೆಗೆ ಬಂದು ನಿಂತಿತು. ಎಷ್ಟು ಹೊತ್ತು? ನಾಲ್ಕೈದು ಉಸಿರಿನಷ್ಟು ಇದ್ದೀತು. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳು ಕುಡಿಯುವಾಗ ನಾನು ಕಿಟಕಿಯ ಕಡೆ ತಿರುಗಿರುತ್ತಿದ್ದೆ. ಅವಳು ಮಾತ್ರ ತಿರುಗಲಿಲ್ಲ.

"ಇರ್ಲಿ ಬಿಡ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮಗ ಆಗೂದಿಲ್ಲ. ನನಗೂ ಆಗೂದಿಲ್ಲ. ಪಾಪ, ತ್ರಾಸ ಮಾಡ್ಕೋಬ್ಯಾಡ್ರಿ."

ಆಗ ಕುಡಿದೆ. ಇಡೀ ಬಟ್ಟಲನ್ನು ಒಂದೇ ಉಸಿರಿಗೆ ಕುಡಿದೆ, ಬಾಯಿ ಸುಟ್ಟುಕೊಂಡು ಕುಡಿದೆ. ನೋಡು, ಕುಡಿದೆ, ಈಗ ನೀನು ಕುಡಿ ಎಂದು ಕೂಗಿದೆ. ಪಕ್ಕದ ಹಾಸಿಗೆಯವರು ಎದ್ದು ನೋಡಿದರು. ಅವಳು ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದ್ದಳು. ಮರುದಿನ ತಂದೆ, ಅದರ ಮರುದಿನವೂ ತಂದೆ. ಅವಳೆದುರು ನಾನು ಕುಡಿದು ತೋರಿಸಿದೆ. ಅವಳು ತಲೆ ಅಲ್ಲಾಡಿಸಿದಳು. ಡಾಕ್ಟರು ಕೈ ಹಚ್ಚಲಿಲ್ಲ. ಹತ್ತು ದಿನಕ್ಕೆ ಅವಳನ್ನು ಬೆಲ್ಲದ ಬಾಗೇವಾಡಿಗೆ ತಂದು, ನಮ್ಮ ಪದ್ಧತಿಯಂತೆ ಕುಳ್ಳಿರಿಸಿ ಮಣ್ಣು ಕೊಟ್ಟೆವು.

ಆಮೇಲೆ ಬಿಲ್ಲಿನ ಕಾಗದ ತರಲು ಹೋದಾಗ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. ಆ ರಸದಿಂದಲೇ ಉಳಿಯುತ್ತಿದ್ದರು ಎಂದು ಯಾರಿಂದಲೂ ಹೇಳಲಾಗದು, ರೋಗ ಮುಂದೆ ಹೋಗಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಇರಬಹುದು. ಹನ್ನೆರಡು ದಿನದ ನೀರಿನ ಬಗ್ಗೆ ನಾನು ಅವರ ಮಾತನ್ನು ನಂಬಲು ಪ್ರಯತ್ನ ಮಾಡುತ್ತೇನೆ. ಅದು ಗೊತ್ತಿಲ್ಲದೆ ಆದದ್ದು. ಆದರೆ ಹದಿಮೂರನೇ ದಿನ ಎಲ್ಲ ಗೊತ್ತಿತ್ತು, ರಸ ಕೈಯಲ್ಲಿತ್ತು, ಅವಳು ಕುಡಿಯುತ್ತೇನೆ ಎಂದಿದ್ದಳು. ನಾನು ಮೊದಲು ಒಂದು ಗುಟುಕು ಕುಡಿಯಬೇಕಿತ್ತು, ಅಷ್ಟೇ.